ಲಾಲ್ ಮಹಲ್‌ನ ತೊಲೆಗಳು ಎಲ್ಲಿ ಹೋದವು?

ಹೋದ ತಿಂಗಳು ಊರಲ್ಲಿ ನಮ್ಮಜ್ಜನ ಮನೆ ಕೆಡವಿದರು. ತೊಟ್ಟಿಯ ನಾಲ್ಕು ಕಂಬಗಳನ್ನು ಮರದ ವ್ಯಾಪಾರಿ ಲಾರಿಗೆ ಹಾಕಿಕೊಂಡು ಹೋದ. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಬೈಕ್ ನಿಲ್ಲಿಸಿದೆ. ಅಲ್ಲೂ ಒಂದು ಕೆಡವಿದ ಮನೆ ಇದೆಯಲ್ಲ, ಅದನ್ನು ನೋಡೋಣ ಅನ್ನಿಸಿತು.

ಟಿಪ್ಪುವಿನ ಅರಮನೆ ಅಂದರೆ ನಾವೆಲ್ಲ ದರಿಯಾ ದೌಲತ್ ನೋಡಿಕೊಂಡು ಬರುತ್ತೇವೆ. ಅದು ಕೋಟೆಯ ಹೊರಗಿನ ಬೇಸಿಗೆ ಅರಮನೆ. ಆತ ಮನೆ ಮಾಡಿಕೊಂಡಿದ್ದದ್ದು ಕೋಟೆಯೊಳಗೆ, ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರದ ಲಾಲ್ ಮಹಲ್‌ನಲ್ಲಿ. ಈಗ ಅಲ್ಲಿ ಪಾಳುಬಿದ್ದ ಅವಶೇಷಗಳಷ್ಟೇ ಇವೆ. ಅದರ ಫೋಟೋ ಹುಡುಕಿ ಪ್ರಯೋಜನವಿಲ್ಲ. ಜಗತ್ತಿಗೆ ಕ್ಯಾಮೆರಾದ ಸುದ್ದಿ ತಿಳಿದದ್ದು 1839ರಲ್ಲಿ, ಅಷ್ಟರೊಳಗೆ ಈ ಮನೆ ನೆಲಸಮವಾಗಿತ್ತು!

ಸರಿ, ನಕ್ಷೆಯಾದರೂ ಇದೆಯಲ್ಲ. ಮನೆಗೆ ಬಂದವನೇ 1799ರ ಮುತ್ತಿಗೆಯ ಕಾಲದ ಒಂದು ಬ್ರಿಟಿಷ್ ನಕ್ಷೆಯನ್ನು ಇಂದಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಲು ಹೊರಟೆ. ಇದಕ್ಕೆ ಅಂದಿನಿಂದ ಇಂದಿನವರೆಗೆ ಅಲುಗಾಡದ ಕನಿಷ್ಠ ಮೂರು ಗುರುತು ಬೇಕು. ದೇವಸ್ಥಾನ, ಜುಮ್ಮಾ ಮಸೀದಿ, ಕೋಟೆಯ ವಾಯವ್ಯ ಮೂಲೆ, ಮೂರೂ ಸಿಕ್ಕವು. ನಕ್ಷೆಯನ್ನು ಸ್ವಲ್ಪ ಹಿಗ್ಗಿಸಿ, ಸ್ವಲ್ಪ ತಿರುಗಿಸಿ ಕೂರಿಸಿದರೆ, ನಾನು ಹಿಂದಿನ ದಿನ ನಿಂತಿದ್ದ ಜಾಗದಲ್ಲೇ ಅರಮನೆ ಬಂದು ಕೂತಿತು.

ಮನೆಯ ಒಳಗೆ ಹೇಗಿತ್ತು? 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಹೊರಗಿನಿಂದ ಅಂಥಾ ಚೆಂದವೇನೂ ಇಲ್ಲದ ದೊಡ್ಡ ಕಟ್ಟಡವಂತೆ. ಖಾಸಗಿ ಕೋಣೆಗಳಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ನಾಲ್ಕು ಹುಲಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರಂತೆ!

ಇನ್ನು ತೊಲೆಗಳ ಕಥೆ. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ನೋಡಿದ್ದೀರಾ? 1829ರಲ್ಲಿ ಕಟ್ಟಲು ಶುರುಮಾಡಿ 1831ರಲ್ಲಿ ಬಾಗಿಲು ತೆರೆದ ಚರ್ಚು ಅದು. ಅದರ ಛಾವಣಿ ಹೊತ್ತಿರುವ ದೊಡ್ಡ ತೊಲೆಗಳು ಟಿಪ್ಪುವಿನ ಅರಮನೆಯವು. ಘಾಟಿ ಹತ್ತಿಸಿ ಸಾಗಿಸಿದ ಮರ. ಕಾಲೇಜಿನಲ್ಲಿದ್ದಾಗ ಟ್ರಿಪ್ ಹೋಗಿ, ಅದೇ ತೊಲೆಗಳ ಕೆಳಗೆ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡಿದ್ದೆವು. ಈಗ ಹುಡುಕಿ ತೆಗೆದು ನೋಡಿದೆ. ನಮ್ಮ ಹಲ್ಲುಕಿರಿದ ಮುಖಗಳ ಮೇಲೆ ತೊಲೆ ಸ್ಪಷ್ಟವಾಗಿ ಕಾಣುತ್ತದೆ! ಲಾಲ್ ಮಹಲ್‌ನ ಫೋಟೋ ಇಲ್ಲ ಅಂದೆನಲ್ಲ, ಅದರ ಒಂದು ತುಂಡಿನ ಫೋಟೋ ನನ್ನ ಹತ್ತಿರವೇ ಇತ್ತು.

ಅರಮನೆಯಲ್ಲಿ ಸಿಕ್ಕ, ಸಿಪಾಯಿಯ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಂದರೆ ಜಾಗ ಇಲ್ಲಿ, ಛಾವಣಿ ಊಟಿಯಲ್ಲಿ, ಆಟಿಕೆ ಲಂಡನ್ನಿನಲ್ಲಿ. ಯಾವುದು ಎಲ್ಲಿಗೆ ಹೋಯಿತು ಅಂತ ಯಾರೋ ಬರೆದಿಟ್ಟಿದ್ದರಿಂದ ಇಷ್ಟು ಜೋಡಿಸಲು ಸಾಧ್ಯವಾಯಿತು.

ಅಜ್ಜನ ಮನೆಗೆ ಬ್ರಿಟಿಷ್ ನಕ್ಷೆಯೂ ಇಲ್ಲ, ಬುಕಾನನ್ನೂ ಇಲ್ಲ. ನಿನ್ನೆ ಅಪ್ಪನಿಗೆ ಫೋನ್ ಮಾಡಿ ಆ ಮರದ ವ್ಯಾಪಾರಿಯ ನಂಬರ್ ಇಸಕೊಂಡೆ. ಇನ್ನೂ ರಿಂಗ್ ಆಗ್ತಾನೇ ಇದೆ, ಎತ್ತುತ್ತಿಲ್ಲ...