ಅಂಚೆ ವೆಚ್ಚ ಪ್ರತ್ಯೇಕ

ಹಳೆಯ ಕನ್ನಡ ಪತ್ರಿಕೆಗಳನ್ನು ತಿರುವಿಹಾಕುವಾಗ ನಾನು ಲೇಖನಗಳಷ್ಟೇ ಆಸಕ್ತಿಯಿಂದ ಜಾಹೀರಾತುಗಳನ್ನೂ ಓದುತ್ತೇನೆ. ಪುಸ್ತಕವೋ ಔಷಧಿಯೋ ಗಡಿಯಾರವೋ, ಮಾರಾಟಕ್ಕಿರುವುದು ಏನೇ ಇರಲಿ, ಬೆಲೆಯ ಪಕ್ಕದಲ್ಲಿ ಸಣ್ಣ ಅಕ್ಷರದ ಒಂದು ಮಾತು ಕಣ್ಣಿಗೆ ಬೀಳುತ್ತದೆ: ‘ಅಂಚೆ ವೆಚ್ಚ ಪ್ರತ್ಯೇಕ.’ ಉತ್ತರ ಕರ್ನಾಟಕದ ಬಾಯಲ್ಲಿ ಅದೇ ‘ಟಪಾಲು ಖರ್ಚು ಬೇರೆ.’ ಇವತ್ತು ಮಿಕ್ಸಿ ಜಾರಿನ ಕಪ್ಲರ್ ಒಂದನ್ನು ಆನ್‌ಲೈನಿನಲ್ಲಿ ತರಿಸಲು ಹೊರಟವರಿಗೂ ಈ ಮಾತಿನ ಬಿಸಿ ತಟ್ಟುತ್ತದೆ. ವಸ್ತುವಿನ ಬೆಲೆ ನಲವತ್ತು ರೂಪಾಯಿ, ಸಾಗಣೆ ವೆಚ್ಚ ಎಂಬತ್ತು ಎಂದಿಟ್ಟುಕೊಳ್ಳಿ. ಬೆರಳ ತುದಿಯಷ್ಟು ವಸ್ತು ಅಂಗೈಗಿಂತ ದೊಡ್ಡ ಡಬ್ಬಿಯಲ್ಲಿ ಬರುತ್ತದೆ. ವಸ್ತುವಿಗಿಂತ ದಾರಿ ಏಕೆ ದುಬಾರಿ?

ದೂರ ಹೆಚ್ಚಾದಷ್ಟು ಖರ್ಚು ಹೆಚ್ಚು, ಇದರಲ್ಲಿ ಕೇಳುವುದೇನಿದೆ ಎನ್ನಬಹುದು. ಆದರೆ ದಾರಿಯ ಬೆಲೆ ಮಳೆ ಬಿಸಿಲಿನಂತೆ ತಾನಾಗಿ ಬಂದದ್ದಲ್ಲ. ಕಾಲಕಾಲಕ್ಕೆ ಯಾರೋ ಕೂತು ನಿಯಮ ಬರೆದು ಅದನ್ನು ಗೊತ್ತುಮಾಡಿದ್ದಾರೆ. ಆ ನಿಯಮ ಬದಲಾದಾಗಲೆಲ್ಲ ದಾರಿಯ ಖರ್ಚು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿದೆ.

ಹೆಗಲು ಎಂಬುದು ಇಲ್ಲಿ ಬರಿಯ ಮಾತಿನ ಅಲಂಕಾರವಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಪತ್ರದ ಅಂಚೆಗೂ ಪೊಟ್ಟಣದ ಅಂಚೆಗೂ ಬೇರೆ ಬೇರೆ ವ್ಯವಸ್ಥೆಯಿತ್ತು. ಪೊಟ್ಟಣದ ಅಂಚೆಯನ್ನು ಇಂಗ್ಲಿಷ್ ದಾಖಲೆಗಳು ‘ಬಾಂಘಿ’ ಎನ್ನುತ್ತವೆ. ಅದು ಹಿಂದಿಯ ‘ಬಹಂಗಿ’ ಪದದ ತಿರುಚಿದ ರೂಪ. ಹೆಗಲ ಮೇಲೊಂದು ಬಿದಿರಿನ ಗಳು, ಎರಡು ತುದಿಗೂ ತೂಗುವ ಹೊರೆ. ನಮ್ಮ ಕಡೆ ಅದಕ್ಕೆ ಕಾವಡಿ ಎನ್ನುತ್ತಾರೆ, ಅಡ್ಡೆ ಎಂದೂ ಕರೆಯುತ್ತಾರೆ. ಮನುಷ್ಯನೊಬ್ಬ ಹೊತ್ತು ನಡೆಯುವಾಗ ತೂಕಕ್ಕೂ ದೂರಕ್ಕೂ ಲೆಕ್ಕ ಹಾಕುವುದು ಸಹಜವಾಗಿತ್ತು. ಪತ್ರಗಳಿಗೂ ಆಗ ದೂರದ ಲೆಕ್ಕವೇ. 1837ರ ಕಾಯ್ದೆಯ ದರದಂತೆ ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಪತ್ರ ಕಳಿಸಲು ಒಂದು ರೂಪಾಯಿ ಬೇಕಿತ್ತು. ಅಂದಿನ ಒಂದು ರೂಪಾಯಿ ಸಣ್ಣ ಮೊತ್ತವಲ್ಲ.

1854ರಲ್ಲಿ ಹೊಸ ಅಂಚೆ ಕಾಯ್ದೆ ಬಂತು. ಕಾಲು ತೊಲದ, ಅಂದರೆ ಸುಮಾರು ಮೂರು ಗ್ರಾಮಿನ ಪತ್ರಕ್ಕೆ ಅರ್ಧ ಆಣೆ. ಪಕ್ಕದ ಊರಿಗೂ ಅಷ್ಟೇ, ದೇಶದ ಇನ್ನೊಂದು ಕೊನೆಗೂ ಅಷ್ಟೇ. ಇದರ ಅರ್ಥ ಸರಳ. ಹತ್ತಿರಕ್ಕೆ ಬರೆಯುವವರು ತಮಗರಿವಿಲ್ಲದೆ ದೂರಕ್ಕೆ ಬರೆಯುವವರ ಖರ್ಚಿನಲ್ಲಿ ಪಾಲು ಹಂಚಿಕೊಂಡರು. ದೂರ ಎನ್ನುವುದು ಒಬ್ಬೊಬ್ಬರ ಹಣೆಬರಹವಾಗಿ ಉಳಿಯದೆ ಎಲ್ಲರೂ ಕೂಡಿ ಹೊರುವ ಹೊರೆಯಾಯಿತು. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ತನ್ನದೇ ಅಂಚೆಯಿತ್ತು. 1889ರಲ್ಲಿ ಅದೂ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು.

ದೂರದ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ನಂಬಿಕೆಯ ಪ್ರಶ್ನೆ ಉಳಿಯಿತು. ಮುಖ ಕಾಣದ ವ್ಯಾಪಾರಿಗೆ ಮೊದಲೇ ಹಣ ಕಳಿಸುವುದು ಹೇಗೆ? ವಿಳಾಸವಷ್ಟೇ ಗೊತ್ತಿರುವ ಗಿರಾಕಿಗೆ ಮೊದಲೇ ಸಾಮಾನು ಕಳಿಸುವುದು ಹೇಗೆ? 1877ರಲ್ಲಿ ಭಾರತದ ಅಂಚೆ ಇಲಾಖೆ ಶುರುಮಾಡಿದ ವ್ಯಾಲ್ಯೂ ಪೇಯಬಲ್ ಪೋಸ್ಟ್, ಅಂದರೆ ನಮ್ಮ ಹಿರಿಯರು ಇಂದಿಗೂ ನೆನೆಯುವ ‘ವಿ.ಪಿ.ಪಿ.’, ಇದಕ್ಕೆ ಕೊಟ್ಟ ಉತ್ತರ. ವ್ಯಾಪಾರಿ ಪೊಟ್ಟಣ ಕಳಿಸುತ್ತಾನೆ, ಅಂಚೆಯವನು ಅದನ್ನು ಗಿರಾಕಿಗೆ ಕೊಟ್ಟು ಹಣ ವಸೂಲು ಮಾಡುತ್ತಾನೆ, ಆ ಹಣವನ್ನು ಇಲಾಖೆ ವ್ಯಾಪಾರಿಗೆ ತಲುಪಿಸುತ್ತದೆ. ಇಂದಿನ ‘ಕ್ಯಾಶ್ ಆನ್ ಡೆಲಿವರಿ’ ಇದರ ಮೊಮ್ಮಗ. ಬ್ಯಾಂಕು ಕಾಣದ ಊರಿನವರೂ ಇದರಿಂದ ಪೇಟೆಯ ಗಿರಾಕಿಗಳಾದರು.

ಆದರೆ ಹಣ ಕೊಡುವ ಮೊದಲು ಪೊಟ್ಟಣ ಬಿಚ್ಚಿ ನೋಡುವಂತಿರಲಿಲ್ಲ. ಹಾಗಾಗಿ ನಂಬಿಕೆಯ ಭಾರವೆಲ್ಲ ಹೊರಗಿನ ಕಟ್ಟಿನ ಮೇಲೆ ಬಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಳದಲ್ಲಿ ಹೊಲಿದು, ಹೊಲಿಗೆಯುದ್ದಕ್ಕೂ ಅರಗಿನ ಮುದ್ರೆ ಒತ್ತಿದ ಪಾರ್ಸೆಲ್ಲುಗಳನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ವಸ್ತು ಒಡೆಯದಿರಲಿ ಎಂಬುದು ಆ ಕಟ್ಟಿನ ಅರ್ಧ ಉದ್ದೇಶ ಮಾತ್ರ. ದಾರಿಯಲ್ಲಿ ಯಾರೂ ಕೈಹಾಕಿಲ್ಲ ಎಂಬುದಕ್ಕೆ ಸಾಕ್ಷಿ ಹೇಳುವುದು ಇನ್ನರ್ಧ. ಆದರೂ ಮೋಸ ನಡೆಯಿತು ಎಂಬುದಕ್ಕೆ ಕಾನೂನೇ ಪುರಾವೆ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ, ನಿಜವಾದ ಆರ್ಡರ್ ಬಂದಿದ್ದಕ್ಕೇ ಈ ವಸ್ತು ಕಳಿಸುತ್ತಿದ್ದೇನೆ ಎಂದು ವ್ಯಾಪಾರಿಯಿಂದ ಘೋಷಣೆ ಪಡೆಯಲು ಅವಕಾಶ ಕಲ್ಪಿಸಿತು. ವಂಚನೆಯಾಗಿದ್ದರೆ ವಸೂಲಾದ ಹಣವನ್ನು ತಡೆಹಿಡಿದು ಗಿರಾಕಿಗೆ ಮರಳಿಸಲೂ ನಿಯಮ ಮಾಡಬಹುದೆಂದಿತು. ಕೇಳದೇ ಇದ್ದವರ ಮನೆಗೂ ಪೊಟ್ಟಣಗಳು ಹೋಗದಿದ್ದರೆ ಇಂಥ ಮಾತು ಕಾಯ್ದೆಯ ಪುಟಕ್ಕೆ ಬರುತ್ತಿರಲಿಲ್ಲ.

ಎಲ್ಲರೂ ಹಂಚಿಕೊಳ್ಳುವ ದರಕ್ಕೂ ಒಂದು ಮಿತಿಯಿದೆ. ಅದು ಚೆನ್ನಾಗಿ ಕಾಣುವುದು ಅಮೆರಿಕದಲ್ಲಿ. ಅಲ್ಲಿ 1872ರಲ್ಲೇ ಮಾಂಟ್ಗೊಮರಿ ವಾರ್ಡ್ ಷಿಕಾಗೋದಿಂದ ಪಟ್ಟಿ ಕಳಿಸಿ ರೈತರಿಗೆ ಸಾಮಾನು ಮಾರಲು ಶುರುಮಾಡಿದ್ದ. ಆದರೆ ಅಂಚೆಯಲ್ಲಿ ನಾಲ್ಕು ಪೌಂಡಿಗಿಂತ ಭಾರದ್ದನ್ನು ಕಳಿಸುವಂತಿರಲಿಲ್ಲ. ಉಳಿದದ್ದೆಲ್ಲ ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳ ಪಾಲು. ರೈತರು ಬಹುಕಾಲ ಒತ್ತಾಯಿಸಿದ ಮೇಲೆ 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆ ಆರಂಭವಾಯಿತು. ತೂಕದ ಮಿತಿ ಮೊದಲು 11 ಪೌಂಡ್ ಇತ್ತು, ಬೇಗನೆ 50ಕ್ಕೇರಿತು. 1916ರಲ್ಲಿ ಯೂಟಾ ರಾಜ್ಯದ ವರ್ನಲ್ ಎಂಬ ಊರಿನಲ್ಲಿ ಬ್ಯಾಂಕ್ ಕಟ್ಟಡ ಕಟ್ಟುವವರು ಲೆಕ್ಕ ಹಾಕಿದರು. ಇಟ್ಟಿಗೆಯನ್ನು ಸರಕು ಸಾಗಣೆಯಲ್ಲಿ ತರಿಸುವುದಕ್ಕಿಂತ 50 ಪೌಂಡಿನ ಪೊಟ್ಟಣಗಳಾಗಿ ಕಟ್ಟಿ ಅಂಚೆಯಲ್ಲಿ ತರಿಸುವುದೇ ಅಗ್ಗ! ಸುಮಾರು 80,000 ಇಟ್ಟಿಗೆಗಳು ಹಾಗೆಯೇ ಬಂದವು. ಕಂಗಾಲಾದ ಅಂಚೆ ಇಲಾಖೆ, ಒಬ್ಬರು ಒಬ್ಬರಿಗೆ ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳಿಸುವಂತಿಲ್ಲ ಎಂದು ನಿಯಮ ಮಾಡಿತು. ಬ್ಯಾಂಕು ಕಟ್ಟಿದವರು ಉಳಿಸಿದ ಹಣ ಆಕಾಶದಿಂದ ಬಿದ್ದದ್ದಲ್ಲ. ಅದನ್ನು ಅಂಚೆ ಇಲಾಖೆ ಹೊತ್ತಿತ್ತು, ಅಂದರೆ ಉಳಿದೆಲ್ಲರೂ ಹೊತ್ತಿದ್ದರು.

ದೇಶದೇಶಗಳ ನಡುವೆಯೂ ಇದೇ ಕತೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲಿ ಸೇರಿತು. ಪತ್ರಕ್ಕೆ ಪತ್ರ ಮರಳಿ ಬರುತ್ತದೆ, ಆದ್ದರಿಂದ ಕಳಿಸಿದ ದೇಶವೇ ಅಂಚೆಚೀಟಿಯ ಹಣ ಇಟ್ಟುಕೊಳ್ಳಲಿ, ತಲುಪಿಸುವ ದೇಶ ಪುಕ್ಕಟೆಯಾಗಿ ತಲುಪಿಸಲಿ ಎಂಬುದು ಅಲ್ಲಿನ ಮೂಲ ಒಪ್ಪಂದ. ಸುಮಾರು ಒಂದು ಶತಮಾನ ಇದು ನಡೆಯಿತು. ಕಳಿಸುವ ದೇಶ ತಲುಪಿಸುವ ದೇಶಕ್ಕೆ ಒಂದಿಷ್ಟು ಕೊಡಬೇಕೆಂದು 1969ರ ಟೋಕಿಯೋ ಸಮ್ಮೇಳನ ತೀರ್ಮಾನಿಸಿತು. ಮುಂದೆ ಬಡ ದೇಶಗಳಿಗೆ ಆ ದರವನ್ನು ಕಡಿಮೆ ಇಡಲಾಯಿತು. ಚೀನಾ ಜಗತ್ತಿನ ಕಾರ್ಖಾನೆಯಾದ ಮೇಲೂ ಆ ರಿಯಾಯಿತಿ ಅದಕ್ಕೆ ಸಿಗುತ್ತಲೇ ಇತ್ತು. ಎರಡು ಕಿಲೋ ಒಳಗಿನ ‘ಸಣ್ಣ ಪೊಟ್ಟಣ’ ಎಂಬ ವರ್ಗದಲ್ಲಿ ಟ್ರಾನ್ಸಿಸ್ಟರು, ಸ್ಕ್ರೂ, ಬೆಲ್ಟುಗಳು ಷೆನ್‌ಜೆನ್‌ನಿಂದ ಅಮೆರಿಕದ ಮನೆಬಾಗಿಲಿಗೆ ಅಲ್ಲಿನ ಪಕ್ಕದೂರಿನ ಅಂಗಡಿಗಿಂತ ಅಗ್ಗವಾಗಿ ಹೋಗಲು ಇದೇ ಕಾರಣ. 2018ರಲ್ಲಿ ಅಮೆರಿಕ ಒಕ್ಕೂಟ ಬಿಡುವುದಾಗಿ ಬೆದರಿಸಿತು. 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ರಾಜಿಯಾಗಿ, 2020ರ ಜುಲೈನಿಂದ ತನ್ನ ದರವನ್ನು ತಾನೇ ಗೊತ್ತುಮಾಡುವ ಹಕ್ಕು ಅದಕ್ಕೆ ದಕ್ಕಿತು. ಅಗ್ಗದ ಸ್ಕ್ರೂವಿನ ಹಿಂದೆ ಇಷ್ಟು ದೊಡ್ಡ ರಾಜಕಾರಣ ಇತ್ತು.

ಇನ್ನು ನಮ್ಮ ಕಾಲದ ನಿಯಮ. ವಿಮಾನ ಮತ್ತು ವ್ಯಾನುಗಳಲ್ಲಿ ತೂಕಕ್ಕಿಂತ ಮೊದಲು ತುಂಬುವುದು ಜಾಗ. ಅದಕ್ಕೇ ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಕಿಲೋ ಎಂದು ಹಿಡಿಯುತ್ತಾರೆ. 30, 20, 10 ಸೆಂಟಿಮೀಟರಿನ ಡಬ್ಬಿಯಲ್ಲಿ 50 ಗ್ರಾಮಿನ ಕಪ್ಲರ್ ಇಟ್ಟರೆ ಅದರ ‘ತೂಕ’ 1.2 ಕಿಲೋ. ದೊಡ್ಡ ಮಾರಾಟಗಾರರಿಗೆ ಕೆಲವೇ ಅಳತೆಯ ಡಬ್ಬಿಗಳನ್ನು ಇಟ್ಟುಕೊಂಡು ಬೇಗ ಪ್ಯಾಕ್ ಮಾಡುವುದು ಅನುಕೂಲ. ಹಾಗೆ ಉಳಿದ ಜಾಗಕ್ಕೆ ತುಂಬಿದ ಗಾಳಿಗೂ ಕೊನೆಗೆ ಕೊಳ್ಳುವವರೇ ಹಣ ಕೊಡಬೇಕು. ಹಳೆಯ ವ್ಯಾಪಾರಿಗೆ ಬಟ್ಟೆ, ದಾರ, ಅರಗು ಎಲ್ಲವೂ ಖರ್ಚೇ. ಅವನು ವಸ್ತುವಿನ ಮೈಗೆ ಒಪ್ಪುವಂತೆ ಹೊಲಿಯುತ್ತಿದ್ದ.

2025ರಲ್ಲಿ ನಮ್ಮ ಒಳನಾಡಿನ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಆದರೆ ಹಳೆಯ ಕಪ್ಲರ್‌ಗೆ ಅವಸರವೇನಿಲ್ಲ. ಒಂದು ವಾರ ತಡವಾಗಿ, ಅಗ್ಗವಾಗಿ ಬಂದರೂ ನಡೆಯುತ್ತದೆ. ನಿಧಾನವಾಗಿ ಬರುವುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಬಡವರ ಪಾಲಿಗೆ ಒಂದು ಸೌಲಭ್ಯವೇ ಆಗಿತ್ತು.

ನನಗೆ ಇದು ಬರಿಯ ಅಂಚೆಯ ಚರಿತ್ರೆಯಾಗಿ ಕಾಣುವುದಿಲ್ಲ. ಸಣ್ಣ ಬಿಡಿಭಾಗ ಕೈಗೆಟುಕುವ ದರದಲ್ಲಿ ಬಂದರೆ ಮಿಕ್ಸಿ ಇನ್ನೂ ಐದು ವರ್ಷ ಓಡುತ್ತದೆ, ರಿಪೇರಿ ಅಂಗಡಿಯವರ ಮನೆಯ ಒಲೆ ಉರಿಯುತ್ತದೆ. ಬರದಿದ್ದರೆ ಮಿಕ್ಸಿ ಗುಜರಿಗೆ ಹೋಗುತ್ತದೆ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಪೋರ್ಟಲ್ ತೆರೆಯಿತು. ಯಾವ ಕಂಪನಿಯ ಬಿಡಿಭಾಗ, ದುರಸ್ತಿ ಮಾಹಿತಿ ಎಲ್ಲಿ ಸಿಗುತ್ತದೆಂದು ಜನರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಬಿಡಿಭಾಗ ಬೆಂಗಳೂರಿನ ಗೋದಾಮಿನಲ್ಲಿದೆ ಎಂಬ ಮಾಹಿತಿ ಸಿಂಧನೂರಿನ ಮೆಕ್ಯಾನಿಕ್‌ಗೆ ಅರ್ಧ ಉತ್ತರ ಮಾತ್ರ. ಅದು ಅಲ್ಲಿಂದ ಇಲ್ಲಿಗೆ ಬರುವ ಖರ್ಚನ್ನು ಯಾರು ಹೊರಬೇಕು ಎಂಬುದು ಉಳಿದರ್ಧ. ಪತ್ರದ ಮಟ್ಟಿಗೆ 1854ರಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿ, ಎಲ್ಲರೂ ಸೇರಿ ಹೊರೋಣ ಎಂಬ ಉತ್ತರಕ್ಕೆ ಬರಲಾಗಿತ್ತು. ಸಣ್ಣ ಪೊಟ್ಟಣದ ಮಟ್ಟಿಗೆ ನಾವು ಇನ್ನೂ ಆ ಪ್ರಶ್ನೆಯನ್ನು ಕೇಳಬೇಕಿದೆ.