ಗಾಜಿನ ತೊಟ್ಟಿಯ ಶಂಬೂಕ

ಕೆರೆಕಟ್ಟೆಗಳ ಅಂಚಿನಲ್ಲಿಯೂ ಗದ್ದೆಯ ಕೆಸರಿನಲ್ಲಿಯೂ ಮೆಲ್ಲಮೆಲ್ಲನೆ ಹರಿದಾಡುವ ಬಸವನಹುಳುವನ್ನು ಕಾಣದವರು ನಮ್ಮ ನಾಡಿನಲ್ಲಿ ವಿರಳ. ಅಮರಕೋಶದ ವಾರಿವರ್ಗದಲ್ಲಿ ಶಂಖದ ಜೊತೆಯಲ್ಲಿಯೇ ಶಂಬೂಕ, ಶಂಖನಖ ಎಂಬ ಹೆಸರುಗಳೂ ಬಂದಿರುವುವು. ಶಂಖಕ್ಕೆ ದೇವರ ಮನೆಯಲ್ಲಿ ಸ್ಥಾನವು ದೊರೆಯಿತು; ಅದರ ದಾಯಾದಿಯಾದ ಸಿಹಿನೀರಿನ ಶಂಬೂಕವನ್ನು ಲಕ್ಷಿಸಿದವರು ಕಡಮೆ. ಆದರೆ ಇಂದು ಪಟ್ಟಣದ ಮನೆಮನೆಗಳಲ್ಲಿ ಕಾಣುವ ಗಾಜಿನ ಮೀನುತೊಟ್ಟಿಯು ಒಂದು ಶಾಸ್ತ್ರವಾಗಿ ನೆಲೆಗೊಂಡುದು ಈ ಅಲ್ಪಪ್ರಾಣಿಯ ಸಹಾಯದಿಂದಲೇ. ಆ ವೃತ್ತಾಂತವು ಬಲು ಸ್ವಾರಸ್ಯವಾದುದು. ಅದರಲ್ಲಿ ವಿವೇಚಿಸಬೇಕಾದ ವಿಷಯವೂ ಉಂಟು.

ಹೊಂಬಣ್ಣದ ಮೀನನ್ನು ಸಾಕುವ ವಾಡಿಕೆಯು ಚೀನದಲ್ಲಿ ಬಹು ಪುರಾತನವಾದುದು. ಅಲ್ಲಿಂದ ಅದು ಯೂರೋಪಿಗೂ ಹೋಯಿತು. ಆದರೆ ಮೀನನ್ನು ಗಾಜಿನ ಬಟ್ಟಲಿನಲ್ಲಿ ಇಟ್ಟವರು ಅದರ ನೀರನ್ನು ಮೇಲಿಂದ ಮೇಲೆ ಬದಲಾಯಿಸುತ್ತಿರಬೇಕಾಗಿತ್ತು. ತಪ್ಪಿದರೆ ಮೀನು ಉಸಿರುಕಟ್ಟಿ ಸಾಯುತ್ತಿತ್ತು. ನೀರನ್ನು ಬದಲಾಯಿಸದೆ ಜೀವಿಗಳನ್ನು ಉಳಿಸಿಕೊಳ್ಳುವ ಮಾರ್ಗವು ಯಾರಿಗೂ ತಿಳಿದಿರಲಿಲ್ಲ. 1771ರಲ್ಲಿ ಪ್ರೀಸ್ಟ್‌ಲಿ ಎಂಬ ಆಂಗ್ಲ ವಿದ್ವಾಂಸನು, ದೀಪವು ಉರಿದು ಕೆಟ್ಟುಹೋದ ಗಾಳಿಯನ್ನು ಪುದೀನದ ಒಂದು ಕುಡಿಯು ಮರಳಿ ಶುದ್ಧಪಡಿಸುವುದೆಂದು ಕಂಡನು. ಇದು ಬೆಳಕಿನಲ್ಲಿ ಮಾತ್ರವೇ, ಗಿಡದ ಹಸುರು ಭಾಗಗಳಿಂದಲೇ ನಡೆಯತಕ್ಕ ಕಾರ್ಯವೆಂದು 1779ರಲ್ಲಿ ಇಂಗೆನ್‌ಹೌಸನು ತೋರಿಸಿದನು. ಪ್ರಾಣಿಯು ಬಿಟ್ಟ ಇಂಗಾಲಾಮ್ಲವಾಯುವನ್ನು ಸಸ್ಯವು ಕೊಳ್ಳುವುದು, ಸಸ್ಯವು ಬಿಟ್ಟ ಪ್ರಾಣವಾಯುವನ್ನು ಪ್ರಾಣಿಯು ಕೊಳ್ಳುವುದು ಎಂಬ ಕೊಡುಕೊಳೆಯ ತತ್ತ್ವವು ಹೀಗೆ ಸಿದ್ಧವಾಯಿತು. ಲಂಡನ್ನಿನ ವೈದ್ಯನಾದ ನೆಥಾನಿಯಲ್ ವಾರ್ಡನು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಗಿಡಗಳು ವರ್ಷಗಟ್ಟಲೆ ಬದುಕುವುದನ್ನು ಕಂಡು, 1842ರಲ್ಲಿ ಅದನ್ನು ಕುರಿತು ಗ್ರಂಥವನ್ನು ಬರೆದನು. ಚೀನದ ಚಹಾಗಿಡಗಳು ಸಮುದ್ರವನ್ನು ದಾಟಿ ಭಾರತಕ್ಕೆ ಬಂದುದು ಇಂತಹ ಪೆಟ್ಟಿಗೆಗಳಲ್ಲಿಯೇ. ಇನ್ನು ನೀರಿನ ಜೀವಿಗಳ ವಿಷಯದಲ್ಲಿ, ಸಿಸಿಲಿ ದ್ವೀಪದ ಮೆಸ್ಸೀನದಲ್ಲಿದ್ದ ಝಾನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆಯು 1832ರ ವೇಳೆಗೇ ಗಾಜಿನ ತೊಟ್ಟಿಗಳಲ್ಲಿ ಸಮುದ್ರಜೀವಿಗಳನ್ನಿಟ್ಟು ಪರೀಕ್ಷೆ ಮಾಡಿದ್ದಳು.

ಇಷ್ಟಾದರೂ ಸಾಮಾನ್ಯ ಗೃಹಸ್ಥನ ಮನೆಗೆ ತಕ್ಕ ಉಪಾಯವು ಹೊರಬಿದ್ದುದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿಂದ. 1807ರಲ್ಲಿ ಜನಿಸಿದ ಈತನು 1841ರಲ್ಲಿ ಲಂಡನ್ನಿನ ರಸಾಯನ ಸಂಘವು ಸ್ಥಾಪಿತವಾಗಲು ಮುಖ್ಯ ಕಾರಣನಾದವನು. ಮರುವರ್ಷದಿಂದ ಔಷಧಕಾರರ ಸಂಘದಲ್ಲಿ ರಸಾಯನಜ್ಞನಾಗಿದ್ದನು. 1849ರಲ್ಲಿ ಈತನು ಸುಮಾರು 12 ಗ್ಯಾಲನ್ ಹಿಡಿಯುವ ಒಂದು ಗಾಜಿನ ಪಾತ್ರೆಯಲ್ಲಿ ಮರಳು ಹರಳುಗಳನ್ನು ಹರಡಿ, ನೀರನ್ನು ತುಂಬಿ, ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನು ಬಿಟ್ಟು, ವ್ಯಾಲಿಸ್ನೇರಿಯ ಎಂಬ ರಿಬ್ಬನ್ನಿನಂತಹ ಎಲೆಯ ನೀರುಗಿಡವನ್ನು ನೆಟ್ಟನು. ಕೆಲಕಾಲ ಎಲ್ಲವೂ ಸುಗಮವಾಗಿ ನಡೆಯಿತು. ಅನಂತರ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದುವು, ನೀರು ಕದಡಿತು, ಗಾಜಿನ ಮೇಲೆ ಹಸುರು ಪಾಚಿಯು ಕಟ್ಟಿತು. ಮೀನು ಮತ್ತು ಗಿಡ ಎಂಬ ಎರಡೇ ಪಾತ್ರಗಳಿಂದ ನಾಟಕವು ಸಾಗದೆಂದು ತಿಳಿಯಿತು.

ನೀರಿನ ಕೀಟಗಳನ್ನು ಹಿಂದೆ ಪರೀಕ್ಷಿಸುತ್ತಿದ್ದಾಗ, ಕೊಳದ ಶಂಬೂಕಗಳು ಕೊಳೆತ ಎಲೆಯನ್ನು ಮೇಯುವುದನ್ನು ವಾರಿಂಗ್ಟನನು ನೋಡಿದ್ದನು. ಅದನ್ನು ನೆನೆದು, ಲಿಮ್ನಿಯ ಸ್ಟ್ಯಾಗ್ನಾಲಿಸ್ ಎಂಬ ಜಾತಿಯ ಕೆಲವು ಶಂಬೂಕಗಳನ್ನು ತೊಟ್ಟಿಗೆ ಬಿಟ್ಟನು. ಅವು ಕೊಳೆತುದನ್ನೂ ಪಾಚಿಯನ್ನೂ ತಿಂದುವು; ನೀರು ತಿಳಿಯಾಯಿತು. ಅವು ಇಟ್ಟ ಮೊಟ್ಟೆಗಳೂ ಅವುಗಳಿಂದ ಹೊರಟ ಮರಿಗಳೂ ಮೀನುಗಳಿಗೆ ಆಹಾರವಾದುವು. ಹೀಗೆ ಮೀನು, ಗಿಡ, ಶಂಬೂಕ ಎಂಬ ಮೂರೂ ಒಂದನ್ನೊಂದು ಪೋಷಿಸುತ್ತ ನೀರಿನ ಬದಲಾವಣೆಯಿಲ್ಲದೆ ಬಾಳಿದುವು. 1850ರ ಮಾರ್ಚಿಯಲ್ಲಿ ಅವನು ಈ ಪ್ರಯೋಗವನ್ನು ರಸಾಯನ ಸಂಘದ ಮುಂದೆ ನಿವೇದಿಸಿದನು. ಮೂರು ವರ್ಷಗಳಲ್ಲಿ, ಎಂದರೆ 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಭವನವು ತೆರೆಯಲ್ಪಟ್ಟಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸನು ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಗಾಜಿನ ಮೇಲಿನ ತೆರಿಗೆಯು 1845ರಲ್ಲಿಯೇ ರದ್ದಾಗಿದ್ದುದರಿಂದ ತೊಟ್ಟಿಗಳೂ ಅಗ್ಗವಾಗಿದ್ದುವು. ಇಂಗ್ಲೆಂಡಿನ ಮಧ್ಯಮ ವರ್ಗದವರ ಮನೆಗಳಲ್ಲಿ ತೊಟ್ಟಿಯನ್ನಿಡುವುದು ಒಂದು ಗೀಳೇ ಆಯಿತು.

ಆದರೆ ಶಂಬೂಕವನ್ನು ತೊಟ್ಟಿಗೆ ಬಿಟ್ಟ ಮಾತ್ರಕ್ಕೆ ನೀರು ಎಂದೆಂದಿಗೂ ಶುದ್ಧವಾಗಿರುವುದೆಂದು ನಂಬಿದವರು ನಿರಾಶರಾದರು. ಶಂಬೂಕವು ಕೊಳೆಯನ್ನು ತಿನ್ನುವುದು ನಿಜ. ತಿಂದುದನ್ನು ಮಲವಾಗಿ ವಿಸರ್ಜಿಸುವುದೂ ಅಷ್ಟೇ ನಿಜ. ಮೀನಿನಿಂದಲೂ ಶಂಬೂಕದಿಂದಲೂ ಹೊರಬೀಳುವ ಅಮೋನಿಯವು ನೀರಿನಲ್ಲಿ ಸೇರಿ ವಿಷವಾಗುತ್ತದೆ. ಹಾಗಿದ್ದರೂ ವಾರಿಂಗ್ಟನನ ತೊಟ್ಟಿಯು ಹೇಗೆ ಬಾಳಿತು? ಈ ಪ್ರಶ್ನೆಗೆ ಉತ್ತರವು ದೊರೆತ ಬಗೆಯೇ ಈ ಇತಿಹಾಸದ ವಿಸ್ಮಯ.

ವಾರಿಂಗ್ಟನನಿಗೆ 1838ರಲ್ಲಿ ಒಬ್ಬ ಮಗನು ಜನಿಸಿದ್ದನು. ಅವನ ಹೆಸರೂ ರಾಬರ್ಟ್ ಎಂದೇ. ತಂದೆಯ ತೊಟ್ಟಿಯಲ್ಲಿ ಶಂಬೂಕಗಳು ಹರಿದಾಡಿದಾಗ ಅವನಿಗೆ ಹನ್ನೊಂದರ ಪ್ರಾಯ. ತಂದೆಯ ಪ್ರಯೋಗಶಾಲೆಯಲ್ಲಿಯೇ ರಸಾಯನಶಾಸ್ತ್ರವನ್ನು ಕಲಿತು, ಮುಂದೆ ರಾಥಮ್‌ಸ್ಟೆಡ್ಡಿನ ಕೃಷಿ ಸಂಶೋಧನಾಲಯವನ್ನು ಸೇರಿದನು. 1877ರಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬ ಫ್ರೆಂಚ್ ವಿದ್ವಾಂಸರು, ಚರಂಡಿಯ ನೀರನ್ನು ಮರಳಿನ ಮೂಲಕ ಇಳಿಬಿಟ್ಟಾಗ ಅದರ ಅಮೋನಿಯವು ನೈಟ್ರೇಟಾಗುವುದನ್ನೂ, ಕ್ಲೋರೋಫಾರಂ ಹಾಯಿಸಿದರೆ ಆ ಕ್ರಿಯೆಯು ನಿಂತುಹೋಗುವುದನ್ನೂ ತೋರಿಸಿದರು. ಜೀವವಿಲ್ಲದ ವಸ್ತುವಿಗೆ ಕ್ಲೋರೋಫಾರಂನ ಭಯವೆಲ್ಲಿಯದು? ಆದುದರಿಂದ ಅದು ಸೂಕ್ಷ್ಮಜೀವಿಗಳ ಕಾರ್ಯವೆಂಬುದು ಸಿದ್ಧವಾಯಿತು. ಕಿರಿಯ ವಾರಿಂಗ್ಟನನು ಹೊಲದ ಮಣ್ಣಿನಲ್ಲಿ ಇದನ್ನೇ ಹತ್ತು ಹನ್ನೆರಡು ವರ್ಷಗಳ ಕಾಲ ಶೋಧಿಸಿ, ಈ ಕಾರ್ಯವು ಎರಡು ಹಂತಗಳಲ್ಲಿ ನಡೆಯುವುದೆಂದು ತೋರಿಸಿದನು: ಒಂದು ಬಗೆಯ ಜೀವಿಯು ಅಮೋನಿಯವನ್ನು ನೈಟ್ರೈಟನ್ನಾಗಿ ಮಾಡುವುದು, ಮತ್ತೊಂದು ಬಗೆಯದು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುವುದು. ಆ ಜೀವಿಗಳನ್ನು ಬೇರ್ಪಡಿಸಿದ ಕೀರ್ತಿಯು 1890ರಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು.

ತೊಟ್ಟಿಯ ಮರಳು, ಕಲ್ಲು, ಎಲೆ, ಗಾಜು ಇವುಗಳ ಮೈಮೇಲೆ ಕಣ್ಣಿಗೆ ಕಾಣದಂತೆ ನೆಲಸಿ ವಿಷವನ್ನು ಗಿಡದ ಗೊಬ್ಬರವನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಯೇ ಆ ನಾಟಕದ ನಾಲ್ಕನೆಯ ಪಾತ್ರವು. ತಂದೆಯು ಮೂರನ್ನು ಕಂಡನು. ನಾಲ್ಕನೆಯದರ ಜಾಡನ್ನು, ತೊಟ್ಟಿಯಲ್ಲಿ ಅಲ್ಲ, ಹೊಲದ ಮಣ್ಣಿನಲ್ಲಿ, ಮಗನು ಹಿಡಿದನು. ಆದರೆ ಅದನ್ನು ಕೇಳಿ ಸಂತೋಷಿಸಲು ತಂದೆಯು ಇರಲಿಲ್ಲ. ಅವನು 1867ರಲ್ಲಿಯೇ ಕಾಲವಾಗಿದ್ದನು.

ಶಂಬೂಕಪಾಲನೆಯಿಂದ ಶಾಸ್ತ್ರಕ್ಕೆ ಬಂದ ಲಾಭವು ಇಷ್ಟೇ ಅಲ್ಲ. ನಮ್ಮವರು ಶಂಖಗಳಲ್ಲಿ ಎಡಮುರಿ ಬಲಮುರಿಗಳೆಂಬ ಭೇದವನ್ನೆಣಿಸಿ ಅಪೂರ್ವವಾದುದನ್ನು ಪೂಜಿಸುವುದು ಸರ್ವವಿದಿತ. ಕೊಳದ ಶಂಬೂಕಗಳಲ್ಲಿಯೂ ಸಾವಿರಕ್ಕೊಂದು ಹೀಗೆ ಎದುರು ಸುರುಳಿಯದಾಗಿ ಹುಟ್ಟುವುದುಂಟು. ಈ ಗುಣವು ವಂಶಪಾರಂಪರ್ಯವಾಗಿ ಹೇಗೆ ಬರುವುದೆಂಬುದನ್ನು ತಿಳಿಯಲು ವೈದ್ಯವಿದ್ವಾಂಸನಾದ ಬಾಯ್‌ಕಾಟ್, ಪಾರ್ಲಿಮೆಂಟಿನ ಕಚೇರಿಯಲ್ಲಿ ಉದ್ಯೋಗಿಯಾಗಿದ್ದ ಡೈವರ್ ಎಂಬಿಬ್ಬರು ಲಿಮ್ನಿಯ ಕುಲದ ಶಂಬೂಕಗಳನ್ನು ಪೀಳಿಗೆ ಪೀಳಿಗೆಯಾಗಿ ಸಾಕಿ 1923ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಸ್ಟರ್ಟಿವಂಟನು ಅದರ ಮರ್ಮವನ್ನು ಬಿಡಿಸಿದನು: ಮರಿಯ ಸುರುಳಿಯ ದಿಕ್ಕನ್ನು ನಿರ್ಣಯಿಸುವುದು ಮರಿಯು ಪಡೆದ ವಂಶಬೀಜವಲ್ಲ, ತಾಯಿಯಲ್ಲಿರುವ ವಂಶಬೀಜ! 2019ರಲ್ಲಿ ಜಪಾನಿನ ವಿಜ್ಞಾನಿಗಳು ಒಂದೇ ಒಂದು ವಂಶಬೀಜವನ್ನು ಕೆಡಿಸಿ ಬಲಸುರುಳಿಯ ವಂಶದಲ್ಲಿ ಎಡಸುರುಳಿಯ ಮರಿಗಳನ್ನು ಪಡೆದರು. ಆ ಶಂಬೂಕವು ಯಾವುದು? ಹಿರಿಯ ವಾರಿಂಗ್ಟನನು ತೊಟ್ಟಿಗೆ ಬಿಟ್ಟ ಜಾತಿಯೇ.

ಇಂತಹ ಪ್ರಾಣಿಯನ್ನು ಸಾಕುವವರು ಅರಿಯಬೇಕಾದ ಧರ್ಮಗಳು ಕೆಲವುಂಟು. ಇದರ ಚಿಪ್ಪು ಸುಣ್ಣದಿಂದಾದುದು; ಸುಣ್ಣದ ಅಂಶವಿಲ್ಲದ ನೀರಿನಲ್ಲಿ ಅದು ಸವೆದು ಕುಳಿಬೀಳುವುದು. ಆದುದರಿಂದ ತೊಟ್ಟಿಯಲ್ಲಿ ಸುಣ್ಣಕಲ್ಲಿನ ತುಂಡನ್ನಾಗಲಿ ತೊಳೆದ ಮೊಟ್ಟೆಯ ಚಿಪ್ಪನ್ನಾಗಲಿ ಇಡುವುದು ಹಿತ. ತಾಮ್ರವು ಇದಕ್ಕೆ ಮಹಾವಿಷ. ಮಲೆನಾಡಿನ ಅಡಕೆಯ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಔಷಧದಲ್ಲಿರುವ ಮೈಲುತುತ್ತವು ಶಂಬೂಕನಾಶಕವೂ ಹೌದು. ಮೀನಿನ ರೋಗಕ್ಕೆಂದು ಮಾರುವ ಕೆಲವು ಔಷಧಗಳಲ್ಲಿಯೂ ತಾಮ್ರವಿರುವುದುಂಟು. ತಾಮ್ರದ ಹಂಡೆಯಲ್ಲಿ ನಿಂತ ನೀರನ್ನು ತೊಟ್ಟಿಗೆ ಸುರಿಯದಿರುವುದೇ ಲೇಸು. ಲಿಮ್ನಿಯದಂತಹವು ಶ್ವಾಸಕೋಶದಿಂದ ಉಸಿರಾಡುವುವಾದುದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಸ್ವಲ್ಪ ತೆರಪಿರಬೇಕು. ಶಂಬೂಕಗಳು ಮಿತಿಮೀರಿ ಹೆಚ್ಚಿದರೆ ಅದು ಅವುಗಳ ದೋಷವಲ್ಲ. ಮೀನಿಗೆ ಹಾಕುವ ಆಹಾರವು ಮಿಗುತ್ತಿದೆಯೆಂಬುದಕ್ಕೆ ಸೂಚನೆ. ಇವುಗಳಲ್ಲಿ ಒಂದೇ ದೇಹವು ಸ್ತ್ರೀಯೂ ಪುರುಷನೂ ಆಗಿರುವುದರಿಂದ ಒಂಟಿ ಶಂಬೂಕವೂ ಸಂತಾನವನ್ನು ಪಡೆಯಬಲ್ಲುದು.

ಈ ಸಂತಾನವೃದ್ಧಿಯ ವಿಷಯದಲ್ಲಿಯೇ ಇತಿಹಾಸವು ಒಂದು ಕಠಿನವಾದ ಪಾಠವನ್ನು ಕಲಿಸಿದೆ. ದಕ್ಷಿಣ ಅಮೆರಿಕದ ಪೊಮೇಸಿಯ ಎಂಬ ಕುಲದಲ್ಲಿ ದೊಡ್ಡ ಗಾತ್ರದ ಶಂಬೂಕಗಳುಂಟು. ಅವುಗಳಲ್ಲಿ ಹೊನ್ನಿನ ಬಣ್ಣದ ಒಂದು ಸಾಧು ಜಾತಿಯು ಅಕ್ವೇರಿಯಂಗಳಿಗೆ ಒಡವೆಯಂತಿರುವುದು. ಅದು ಹೆಚ್ಚಾಗಿ ಪಾಚಿಯನ್ನೂ ಸತ್ತ ಎಲೆಗಳನ್ನೂ ತಿನ್ನುವುದು. ಅದನ್ನೇ ಬಹುಮಟ್ಟಿಗೆ ಹೋಲುವ ಕ್ಯಾನಲಿಕ್ಯುಲೇಟ ಎಂಬ ಜಾತಿಯಾದರೋ ಹಸುರು ಪೈರಿಗೆ ಮೃತ್ಯು. ಆಹಾರಕ್ಕಾಗಿ ಸಾಕಿ ಲಾಭ ಪಡೆಯಬಹುದೆಂದು 1980ರ ಸುಮಾರಿಗೆ ಇದನ್ನು ತೈವಾನಿಗೆ ತಂದರು. ಅನಂತರ ಜಪಾನ್, ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಗೂ ಕೊಂಡೊಯ್ದರು. ಅದರ ಮಾಂಸವು ಜನರಿಗೆ ರುಚಿಸಲಿಲ್ಲ. ಕಾಲುವೆ ಹಳ್ಳಗಳ ಪಾಲಾದ ಶಂಬೂಕಗಳು ಗದ್ದೆಗಳಿಗೆ ನುಗ್ಗಿ, ಆಗತಾನೆ ನಾಟಿ ಮಾಡಿದ ಎಳೆಯ ಬತ್ತದ ಸಸಿಗಳನ್ನು ಬುಡಸಹಿತ ಮೇದುಬಿಟ್ಟುವು. ರೈತನು ಸಂಜೆ ನೆಟ್ಟ ಮಡಿಯು ಬೆಳಗಾಗುವಷ್ಟರಲ್ಲಿ ಬರಿಯ ನೀರಾಗಿರುತ್ತಿತ್ತು. 2009ರಲ್ಲಿ ಈ ಕುಲದ ಶಂಬೂಕವು ಸ್ಪೇನಿನ ಎಬ್ರೋ ನದಿಯ ಮುಖಜಭೂಮಿಯ ಬತ್ತದ ಬಯಲಿನಲ್ಲಿ ಕಂಡುಬಂದಿತು. 2012ರಲ್ಲಿ ಯೂರೋಪಿನ ಒಕ್ಕೂಟವು ಪೊಮೇಸಿಯ ಕುಲದ ಸಮಸ್ತ ಜಾತಿಗಳ ಆಮದನ್ನೂ ನಿಷೇಧಿಸಿತು. ದುಷ್ಟನ ಜೊತೆಯಲ್ಲಿ ಶಿಷ್ಟನಿಗೂ ಶಿಕ್ಷೆಯಾಯಿತು. ಎರಡನ್ನೂ ಕಣ್ಣಿನಿಂದ ಗುರುತಿಸಿ ಬೇರ್ಪಡಿಸುವುದು ಸುಲಭವಲ್ಲದುದರಿಂದ ಅನ್ಯ ಮಾರ್ಗವೂ ಇರಲಿಲ್ಲ.

ನಮ್ಮ ಗದ್ದೆಗಳಲ್ಲಿಯೂ ದೊಡ್ಡ ಶಂಬೂಕವೊಂದುಂಟು. ಅದು ಪೈಲ ಎಂಬ ಕುಲದ್ದು, ಈ ನೆಲದ್ದೇ. ಬೇಸಗೆಯಲ್ಲಿ ಬಾಯ ಮುಚ್ಚಳವನ್ನು ಬಿಗಿದುಕೊಂಡು ಕೆಸರಿನಲ್ಲಿ ಹುದುಗಿದ್ದು, ಮಳೆ ಬಿದ್ದೊಡನೆ ಏಳುವುದು. ಇದು ನೀರಿನ ದಡದ ತೇವದ ಮಣ್ಣಿನಲ್ಲಿ ಬಿಳಿಯ ಮೊಟ್ಟೆಗಳನ್ನಿಡುವುದು. ಆ ಪರದೇಶಿಯ ದುಷ್ಟಜಾತಿಯಾದರೋ ನೀರಿನ ಮೇಲ್ಗಡೆ ಗಿಡದ ಕಾಂಡಗಳಿಗೆ ಹೊಳೆಯುವ ಗುಲಾಬಿ ಬಣ್ಣದ ಗೊಂಚಲುಗಳನ್ನು ಅಂಟಿಸುವುದು. ಈ ಒಂದು ವ್ಯತ್ಯಾಸವನ್ನು ಮಕ್ಕಳಿಗೂ ತಿಳಿಸಿಡುವುದು ಬತ್ತ ಬೆಳೆವ ನಾಡಿಗೆ ಕ್ಷೇಮ.

ತೊಟ್ಟಿಯಲ್ಲಿ ಹೆಚ್ಚಾದ ಶಂಬೂಕಗಳನ್ನು ಕರುಣೆಯಿಂದಲೇ ಕೆರೆಗೆ ಬಿಟ್ಟು ಬರುವವರುಂಟು. ಆ ಕರುಣೆಯು ಒಂದು ಜೀವಿಯ ಮೇಲೆ. ಅದರ ಫಲವು ಊರಿನ ಮಡಿಗಳ ಮೇಲೆ. ಮಿಕ್ಕವುಗಳನ್ನು ಸಾಕುವ ಬೇರೊಬ್ಬರಿಗೆ ಕೊಡಬಹುದು; ಮೊಟ್ಟೆಯ ಲೋಳೆಯನ್ನು ಮೊದಲೇ ತೆಗೆದುಹಾಕಬಹುದು; ತೊಟ್ಟಿಯ ನೀರನ್ನು ಕಾಲುವೆಗೆ ಚೆಲ್ಲದೆ ಹೂಗಿಡದ ಕುಂಡಕ್ಕೆ ಹೊಯ್ಯಬಹುದು; ಅದರಲ್ಲಿರುವ ನೈಟ್ರೇಟು ಗಿಡಕ್ಕೆ ಗೊಬ್ಬರವೇ ಆಗುವುದು. ತಂದೆಯಾದ ವಾರಿಂಗ್ಟನನು ತೊಟ್ಟಿಯಲ್ಲಿಯೂ ಮಗನು ಹೊಲದಲ್ಲಿಯೂ ಕಂಡುದು ಒಂದೇ ಕ್ರಮವನ್ನು. ತೊಟ್ಟಿಯನ್ನು ಆಳುವ ನಿಯಮವೇ ಹೊಲವನ್ನೂ ಆಳುವುದಾದುದರಿಂದ, ತೊಟ್ಟಿಯ ಒಡೆಯನು ಹೊಲದ ಒಡೆಯನನ್ನೂ ನೆನೆಯತಕ್ಕದ್ದು.