ಇಳಿಜಾರಿನಿಂದ ಸ್ಪ್ರಿಂಗಿನವರೆಗೆ: ಒಂದು ಲೆಕ್ಕದ ಇನ್ನೂರು ವರ್ಷ

ನುಣುಪಾದ ಇಳಿಜಾರಿನಲ್ಲಿ ಜಾರಿದ ಬ್ಲಾಕ್ ತಳದ ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಎಷ್ಟು ಕುಗ್ಗೀತು? ಪಿಯುಸಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಈ ಲೆಕ್ಕಕ್ಕೆ ಬೇಕಾದ ಕಲ್ಪನೆಗಳು ಕೂಡಿಬರಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲು ಒದಗಿದ್ದು ಇಳಿಜಾರು. ಮರದ ತೊಲೆಯ ಉದ್ದಕ್ಕೂ ಕಿರಿದಾದ ತೋಡು ಕೊರೆಸಿ, ಅದರಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದ ಬಗೆಯನ್ನು ಗೆಲಿಲಿಯೊ 1638ರ ಗ್ರಂಥದಲ್ಲಿ ವಿವರಿಸಿದರು. ಇಳಿಜಾರು ಕಡಿದಾಗಿರಲಿ, ಓರೆಯಾಗಿರಲಿ, ತಳ ಮುಟ್ಟಿದಾಗಿನ ವೇಗವನ್ನು ನಿರ್ಧರಿಸುವುದು ಎತ್ತರ ಮಾತ್ರ ಎಂದು ಅವರು ಅಲ್ಲಿ ಹೇಳಿದ್ದೇ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಬೀಜ. (ಗಟ್ಟಿ ಗುಂಡು ಸಮತಲದ ಮೇಲೆ ಜಾರದೆ ಉರುಳಿದರೆ ಚಲನ ಶಕ್ತಿಯ ಏಳರಲ್ಲಿ ಎರಡು ಪಾಲು ತಿರುಗುವುದಕ್ಕೇ ಹೋಗುತ್ತದೆ. ಈ ಲೆಕ್ಕ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.)

ಹಿಗ್ಗಿದಷ್ಟೇ ಬಲ ಎಂಬ ಸ್ಪ್ರಿಂಗ್ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದರು. ಚಲನೆಯ ನಿಜವಾದ ಅಳತೆ ದ್ರವ್ಯರಾಶಿ ಮತ್ತು ವೇಗದ ವರ್ಗದ ಗುಣಲಬ್ಧ ಎಂದು 1686ರಲ್ಲಿ ಲೈಬ್ನಿಟ್ಸ್ ವಾದಿಸಿದಾಗ ದೊಡ್ಡ ಜಗಳವೇ ಎದ್ದಿತು. ಗ್ರಾವೆಸಾಂಡೆ ಮೆತ್ತನೆಯ ಜೇಡಿಮಣ್ಣಿಗೆ ಹಿತ್ತಾಳೆ ಗುಂಡುಗಳನ್ನು ಬೀಳಿಸಿ ನೋಡಿದರು: ವೇಗ ಇಮ್ಮಡಿಯಾದರೆ ಕುಳಿ ನಾಲ್ಮಡಿ. ಎಮಿಲಿ ದು ಶಾತ್ಲೆ 1740ರ ತಮ್ಮ ಪುಸ್ತಕದಲ್ಲಿ ಲೈಬ್ನಿಟ್ಸ್ ಪಕ್ಷವನ್ನು ಗಟ್ಟಿಯಾಗಿ ಹಿಡಿದರು. ಲೈಬ್ನಿಟ್ಸ್‌ರ ಆ ಗುಣಲಬ್ಧಕ್ಕೆ 'ಅರ್ಧ' ಸೇರಿಸಿ, ಬಲ ಮಾಡಿದ ಕೆಲಸದೊಂದಿಗೆ ಹೊಂದಿಸಿದ್ದು 1829ರಲ್ಲಿ ಕೊರಿಯೊಲಿಸ್. 'ಪ್ರಚ್ಛನ್ನ ಶಕ್ತಿ' ಎಂಬ ಹೆಸರು ರ‍್ಯಾಂಕಿನ್ ಕೊಟ್ಟದ್ದು, 1853ರಲ್ಲಿ.

ಈಗ ಲೆಕ್ಕಕ್ಕೆ ಬರೋಣ. 2 ಕಿಲೋ ಬ್ಲಾಕ್, 30 ಡಿಗ್ರಿ ಇಳಿಜಾರು, ಮೀಟರಿಗೆ 500 ನ್ಯೂಟನ್ನಿನ ಸ್ಪ್ರಿಂಗ್. ಸ್ಪ್ರಿಂಗ್ ಮುಟ್ಟುವ ಮುನ್ನ ಬ್ಲಾಕ್ ನಿಶ್ಚಲ ಸ್ಥಿತಿಯಿಂದ 80 ಸೆಂಟಿಮೀಟರ್ ಜಾರುತ್ತದೆ. ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಂಡರೆ ಇಳಿಜಾರಿನ ಗುಂಟ ಎಳೆಯುವ ಬಲ 10 ನ್ಯೂಟನ್. ಹಲವರು ಇದನ್ನು ಸ್ಪ್ರಿಂಗ್ ಬಲಕ್ಕೆ ಸಮ ಮಾಡಿ 2 ಸೆಂಟಿಮೀಟರ್ ಎಂದು ಬರೆಯುತ್ತಾರೆ. ಅಲ್ಲಿ ಬ್ಲಾಕ್ ನಿಲ್ಲುವುದಿಲ್ಲ. ಅದರ ವೇಗ ಅತ್ಯಂತ ಹೆಚ್ಚಿರುವುದೇ ಅಲ್ಲಿ. ಇನ್ನು ಕೆಲವರು ಶಕ್ತಿಯ ದಾರಿಯನ್ನೇ ಹಿಡಿದರೂ, ಸ್ಪ್ರಿಂಗ್ ಕುಗ್ಗುವಾಗ ಬ್ಲಾಕ್ ಇನ್ನೂ ಕೆಳಗಿಳಿಯುತ್ತಿರುತ್ತದೆ ಎಂಬುದನ್ನು ಮರೆತು 18ರ ಹತ್ತಿರ ಬರುತ್ತಾರೆ. ಆ ಇಳಿತವನ್ನೂ ಸೇರಿಸಿದರೆ ಉತ್ತರ 20 ಸೆಂಟಿಮೀಟರ್: ಕಳೆದ 10 ಜೂಲ್ ಪೂರ್ತಿ ಸ್ಪ್ರಿಂಗಿನಲ್ಲಿದೆ. ಬೀಜಗಣಿತ ಎಲ್ಲರಿಗೂ ಬರುತ್ತದೆ. ಎಡವುವುದು ಬಲ ಮತ್ತು ಶಕ್ತಿಯ ನಡುವೆ; ಹದಿನೆಂಟನೇ ಶತಮಾನದ ದಿಗ್ಗಜರೂ ಜಗಳವಾಡಿದ್ದು ಅಲ್ಲೇ ಆದ್ದರಿಂದ ಮಕ್ಕಳನ್ನು ಬೈಯುವುದು ನ್ಯಾಯವಲ್ಲ.

ಘರ್ಷಣೆ ಬಂದಾಗ ಲೆಕ್ಕ ತಪ್ಪಿದಂತೆ ಕಾಣುತ್ತಿತ್ತು. ಬೀಳುವ ತೂಕಗಳಿಂದ ನೀರಿನಲ್ಲಿ ರೆಕ್ಕೆಚಕ್ರ ತಿರುಗಿಸಿ ಶಾಖ ಅಳೆದ ಜೂಲ್, ಶಾಖ ಮತ್ತು ಕೆಲಸದ ಸಮಾನತೆಯ ಬಗ್ಗೆ 1842ರಲ್ಲಿ ಬರೆದ ಮೇಯರ್, 1847ರಲ್ಲಿ ಎಲ್ಲವನ್ನೂ ಒಂದೇ ನಿಯಮಕ್ಕೆ ತಂದ ಹೆಲ್ಮ್‌ಹೋಲ್ಟ್ಸ್ ಆ ಕೊರತೆಯನ್ನು ತುಂಬಿದರು. ಮೇಲಿನ ಬ್ಲಾಕಿಗೆ 2 ನ್ಯೂಟನ್ ಘರ್ಷಣೆ ಕೊಟ್ಟರೆ ಸ್ಪ್ರಿಂಗ್ ಕುಗ್ಗುವುದು ಸುಮಾರು 17.7 ಸೆಂಟಿಮೀಟರ್, ಉಳಿದ 1.95 ಜೂಲ್ ಇಳಿಜಾರನ್ನೂ ಬ್ಲಾಕನ್ನೂ ಬಿಸಿ ಮಾಡಿರುತ್ತದೆ.